ಕಂಡಕ್ಟರಮ್ಮನ ಗೆಂಡೆ ಮೀನು

ಏಳನೇ ನಂಬರ್ ಬಸ್ಸಿನಲ್ಲಿ ನಿದ್ದೆ ಹೋಗಿ ಸ್ಟಾಪು ತಪ್ಪಿಸಿಕೊಂಡವರು ಯಾರೂ ಇರಲಿಲ್ಲ. ಅದಕ್ಕೆ ಕಾರಣ ಕಂಡಕ್ಟರಮ್ಮನ ಗಂಟಲು. ಬಸ್ಸು ನೀರಿನ ಟ್ಯಾಂಕಿನ ತಿರುವಿಗೆ ಬಂತೆಂದರೆ ಅವಳು ಹಿಂದಿನ ಬಾಗಿಲಲ್ಲಿ ನಿಂತು ಒಂದು ಸಲ ಕೂಗುತ್ತಿದ್ದಳು. ಮುಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವರು ಚೀಲ ಎತ್ತಿಕೊಂಡು ನಿಲ್ಲುತ್ತಿದ್ದರು. ರಸ್ತೆಯ ಆಚೆ ಬದಿಯ ಸೈಕಲ್ ರಿಪೇರಿಯವನೂ ಪಂಪು ಬಿಟ್ಟು ತಲೆ ಎತ್ತುತ್ತಿದ್ದ. "ನನ್ನ ಬಸ್ಸಿನ ಹಾರ್ನ್ ಕೆಟ್ಟು ಎಷ್ಟೋ ಕಾಲ ಆಯ್ತು, ರಿಪೇರಿಗೆ ಕೊಡೋ ಪ್ರಮೇಯವೇ ಬಂದಿಲ್ಲ" ಎಂದು ಡ್ರೈವರು ಡಿಪೋದಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಮನೆಯಲ್ಲೂ ಅದೇ ಗಂಟಲು. ಅಲ್ಲಿ ಅದು ಬೇಕಾಗಿಯೂ ಇತ್ತು. ಅವಳ ಗಂಡ ಲೇತ್ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿ. ಕಬ್ಬಿಣ ಕೊರೆಯುವ, ಉಜ್ಜುವ ಸದ್ದಿನ ನಡುವೆಯೇ ಅರ್ಧ ಆಯಸ್ಸು ಕಳೆದು ಅವನ ಕಿವಿ ಮಂದವಾಗಿತ್ತು. ಗಂಡ ಹೆಂಡತಿ ಸಂಜೆ ಎದುರುಬದುರು ಕೂತು ಆ ದಿನದ ಸುದ್ದಿ ಮಾತಾಡಿಕೊಂಡರೆ ಇಡೀ ಓಣಿಗೆ ಗೊತ್ತಾಗುತ್ತಿತ್ತು. ಯಾರ ಮನೆಯ ಮದುವೆ ಮಾತು ಮುರಿಯಿತು, ಡಿಪೋ ಮ್ಯಾನೇಜರು ಯಾರಿಗೆ ಬೈದ, ಎಲ್ಲವೂ. ಮೇಸ್ತ್ರಿಗೆ ತನ್ನ ಕಿವಿಯಲ್ಲಿ ಕೊರತೆಯಿದೆ ಎಂದು ಅನ್ನಿಸಿದ್ದೇ ಇಲ್ಲ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಬಂದಾಗಲೆಲ್ಲ, "ಅಪ್ಪಾ, ಒಂದು ಸಲ ಕಿವಿ ತೋರಿಸ್ಕೋ" ಎನ್ನುತ್ತಿದ್ದಳು.

"ಯಾಕೆ? ನಿಮ್ಮಮ್ಮ ಮಾತಾಡೋದು ಕೇಳುತ್ತಲ್ಲ."

"ಅಮ್ಮ ಮಾತಾಡೋದು ಪಕ್ಕದ ಊರಿಗೂ ಕೇಳುತ್ತೆ."

"ಹಾಗಾದ್ರೆ ಇನ್ನೇನು ಬೇಕು ನಂಗೆ?" ಎಂದು ಅವನು ಮಾತು ಮುಗಿಸುತ್ತಿದ್ದ.

ಗಂಟಲು ಒಂದೇ ದಿನದಲ್ಲಿ ಹೋಗಲಿಲ್ಲ. ಮೊದಲು ಸಂಜೆಯ ಹೊತ್ತಿಗೆ ಒರಟಾಗತೊಡಗಿತು. ರಸ್ತೆಯ ಧೂಳು ಎಂದುಕೊಂಡು ಬಿಸಿನೀರು ಕುಡಿದಳು. ಆಮೇಲೆ ಮಧ್ಯಾಹ್ನಕ್ಕೇ ಒಡೆಯತೊಡಗಿತು. ಒಂದು ದಿನ ಟ್ಯಾಂಕಿನ ತಿರುವಿನಲ್ಲಿ ಬಾಯಿ ತೆರೆದರೆ ಬರೀ ಗಾಳಿ ಬಂತು. ಮುಂದಿನ ಸೀಟಿನ ಮುದುಕರು ಸ್ಟಾಪು ದಾಟಿ ಹೋದರು. ದೊಡ್ಡಾಸ್ಪತ್ರೆಯಲ್ಲಿ ನೋಡಿ, ಧ್ವನಿ ಹೊರಡುವ ಜಾಗದಲ್ಲಿ ಗಂಟು ಬೆಳೆದಿದೆ, ತೆಗೆಯಬೇಕು ಎಂದರು. ತೆಗೆದರು. ಅದು ಕ್ಯಾನ್ಸರಿನ ಗಂಟು ಅಲ್ಲ ಎಂದು ವರದಿ ಬಂದ ದಿನ ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಕಂಡಕ್ಟರಮ್ಮ ಅವಳ ಬೆನ್ನು ಸವರಿದಳು, ಏನೋ ಹೇಳಲು ಹೋದಳು, ಹೇಳಿದ್ದು ಅವಳಿಗೇ ಕೇಳಿಸಲಿಲ್ಲ. ಜೀವ ಉಳಿದಿತ್ತು. ಧ್ವನಿ ಮಾತ್ರ ಪಿಸುಮಾತಿನಷ್ಟಾಗಿ ಉಳಿದುಕೊಂಡಿತ್ತು.

ಡಿಪೋದವರು ಒಳ್ಳೆಯವರೇ. ಅವಳನ್ನು ಬಸ್ಸಿನಿಂದ ಇಳಿಸಿ, ಟಿಕೆಟ್ ಮೆಷಿನ್‌ಗಳನ್ನು ಒರೆಸಿ ಚಾರ್ಜಿಗೆ ಹಾಕಿಡುವ ಕೋಣೆಗೆ ಕಳಿಸಿದರು. ಕಿಟಕಿ ಚಿಕ್ಕದು, ಗೋಡೆಯುದ್ದಕ್ಕೂ ಮೆಷಿನ್‌ಗಳ ಸಾಲು, ಮಾತಾಡಲು ಯಾರೂ ಇಲ್ಲ. ಹೊರಗೆ ಏಳನೇ ನಂಬರ್ ಹೊರಡುವ ಸದ್ದು ಕೇಳಿದಾಗ ಕೈ ತಾನಾಗಿ ಊದುವ ವಿಸಿಲಿಗಾಗಿ ಕತ್ತಿನ ಬಳಿ ತಡಕಾಡುತ್ತಿತ್ತು.

ಅದನ್ನಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಮನೆ. ಅವಳು ಒಂದು ಮಾತು ಪಿಸುಗುಟ್ಟಿದರೆ ಮೇಸ್ತ್ರಿ "ಆಂ?" ಎನ್ನುತ್ತಿದ್ದ. ಇನ್ನೊಮ್ಮೆ ಹೇಳಿದರೆ ಇನ್ನೊಂದು "ಆಂ?" ಮೂರನೆಯ ಸಲಕ್ಕೆ ಅವಳು ಕೈ ಬೀಸಿ ಎದ್ದು ಹೋಗುತ್ತಿದ್ದಳು. ಚೀಟಿಯಲ್ಲಿ ಬರೆದು ತೋರಿಸಿದರೆ ಅವನು ಕನ್ನಡಕ ಹುಡುಕಲು ಹೊರಡುತ್ತಿದ್ದ, ಅದು ಸಿಗುವಷ್ಟರಲ್ಲಿ ಒಲೆಯ ಮೇಲಿನದು ಸೀದಿರುತ್ತಿತ್ತು. ಬರಬರುತ್ತ ಇಬ್ಬರೂ ಸುಮ್ಮನಾದರು. ಅವನು ಉಂಡು ಹೊರಗಿನ ಕಟ್ಟೆಯ ಮೇಲೆ ಕೂರುವುದು, ಅವಳು ಪಾತ್ರೆಗಳನ್ನು ಬೇಕೆಂದೇ ಕುಕ್ಕಿ ಇಡುವುದು, ಆ ಸದ್ದೂ ಅವನಿಗೆ ಸರಿಯಾಗಿ ಕೇಳಿಸದಿರುವುದು. ಓಣಿಯವರಿಗೆ ಈ ಮೌನವೇ ಹೆಚ್ಚು ಕಿವಿಗೆ ಹೊಡೆಯತೊಡಗಿತು.

ಮೇಸ್ತ್ರಿಗೆ ಇದ್ದ ಒಂದೇ ಚಟ ಮೀನು ಹಿಡಿಯುವುದು. ಊರಾಚೆ ಹಳೇ ಇಟ್ಟಿಗೆ ಭಟ್ಟಿಗೆಂದು ಮಣ್ಣು ತೆಗೆದು ತೆಗೆದು ಗುಂಡಿಯಾದ ಜಾಗದಲ್ಲಿ ನೀರು ನಿಂತು ಒಂದು ಸಣ್ಣ ಕೆರೆಯಾಗಿತ್ತು. ಯಾರೋ ಎಂದೋ ಬಿಟ್ಟ ಗೆಂಡೆ ಮೀನುಗಳು ಅದರಲ್ಲಿ ಮರಿ ಮಾಡಿ ಸಂಸಾರ ಹೂಡಿದ್ದವು. ರಜೆಯ ದಿನ ಬೆಳಿಗ್ಗೆ ಅವನು ಗಾಳದ ಕೋಲು ಹೊತ್ತು ಹೊರಟರೆ ಊಟದ ಹೊತ್ತಿಗೆ ಮರಳುತ್ತಿದ್ದ. ಹೆಂಡತಿಯನ್ನು ಎಂದೂ ಕರೆದುಕೊಂಡು ಹೋದವನಲ್ಲ. "ನೀನು ಒಂದು ಸಲ ಬಾಯಿ ಬಿಟ್ರೆ ಮೀನೆಲ್ಲ ದಡ ಹತ್ತಿ ಓಡ್ತಾವೆ" ಎಂಬುದು ಅವನ ಹಳೆಯ ಜೋಕು.

ಒಂದು ರಜೆಯ ದಿನ ಬೆಳಿಗ್ಗೆ ಮಗಳು ಬಂದವಳು ಮನೆಯ ಬಿಗುವು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅಪ್ಪನ ಕಿವಿಯ ಹತ್ತಿರ ಬಗ್ಗಿ, "ಇವತ್ತು ಅಮ್ಮನ್ನೂ ಕೆರೆಗೆ ಕರ್ಕೊಂಡು ಹೋಗು. ಈಗ ಮೀನು ಹೆದರೋ ಮಾತೇ ಇಲ್ಲವಲ್ಲ" ಎಂದಳು.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕಂಡಕ್ಟರಮ್ಮ ಮಗಳನ್ನೇ ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದಳು.

ಕೆರೆಯ ಏರಿ ಹತ್ತುವ ಮೊದಲೇ ಮೇಸ್ತ್ರಿ ಅವಳ ಚಪ್ಪಲಿ ಬಿಚ್ಚಿಸಿದ. "ನೋಡೇ, ಈ ಮೀನಿಗೆ ಕಿವಿಗಿಂತ ಮೈಯೇ ಚುರುಕು. ದಡದ ಮೇಲೆ ಧಡಧಡ ಅಂತ ನಡೆದ್ರೆ ನೀರಿಗೆ ನಡುಕ ಹೋಗುತ್ತೆ. ತೊಟ್ಟಿಲಲ್ಲಿ ಮಗು ಮಲಗಿಸಿ ಬರ್ತೀವಲ್ಲ, ಹಾಗೆ ಹೆಜ್ಜೆ ಇಡ್ಬೇಕು. ನೆರಳು ನೀರಿನ ಮೇಲೆ ಬೀಳ್ಬಾರ್ದು. ಕೂತ ಮೇಲೆ ಏಳ್ಬಾರ್ದು."

ಇದನ್ನೆಲ್ಲ ಅವನು ಎಷ್ಟು ಜೋರಾಗಿ ಹೇಳಿದನೆಂದರೆ ಜೊಂಡಿನ ಆಚೆಯಿಂದ ಒಂದು ತಲೆ ಮೇಲೆದ್ದಿತು. ಕಟಿಂಗ್ ಅಂಗಡಿಯವನದು. ಅವನೂ ಅಲ್ಲಿನ ಖಾಯಂ ಗಿರಾಕಿ. "ಮೇಸ್ತ್ರಿ ಬಂದ್ರಾ? ಸರಿ ಹೋಯ್ತು. ಅಲ್ಲ ಅಕ್ಕಾ, ಇವರು ಬಂದ್ರೆ ನಾವೆಲ್ಲ ಆ ಮೂಲೆಗೆ ಎದ್ದು ಹೋಗ್ತೀವಿ, ಗೊತ್ತಾ ನಿಮ್ಗೆ? ಇವರ ಪಿಸುಮಾತಿಗೇ ಮೀನು ಮೂರು ಗಂಟೆ ಹೊರಗೆ ಬರಲ್ಲ."

ಮೇಸ್ತ್ರಿಗೆ ಅದು ಕೇಳಿಸಲಿಲ್ಲ. ಕಂಡಕ್ಟರಮ್ಮನಿಗೆ ಕೇಳಿಸಿತು. ಇಷ್ಟು ವರ್ಷ ತನ್ನ ಬಾಯಿಗೆ ಹೆದರಿ ತನ್ನನ್ನು ಮನೆಯಲ್ಲಿ ಬಿಟ್ಟು ಬಂದ ಮಹಾನುಭಾವ ಇವನೇನಾ ಎಂದುಕೊಂಡಳು. ನಗು ಒಳಗಿನಿಂದ ಉಕ್ಕಿತು. ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. ಆಪರೇಷನ್ ಆದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಯಾಕೆ ನಗುತ್ತಿದ್ದಾಳೆಂದು ತಿಳಿಯದಿದ್ದರೂ ಮೇಸ್ತ್ರಿಯೂ ನಕ್ಕ.

ಅವನು ಬೇಯಿಸಿದ ಮೆಕ್ಕೆಜೋಳವನ್ನು ಒಂದು ಹಿಡಿ ತೆಗೆದು ಜೊಂಡಿನ ಅಂಚಿಗೆ, ಒಂದೇ ಜಾಗಕ್ಕೆ ಬೀಳುವಂತೆ ಎಸೆದ. ಮೊದಲು ಊಟ ಹಾಕಿ ನಂಬಿಸಬೇಕು, ಆಮೇಲೆ ಗಾಳ. ಗಾಳದ ಕೊಕ್ಕೆ ಚಿಕ್ಕದಿರಬೇಕು, ಕಾಳಿನೊಳಗೆ ಪೂರ್ತಿ ಅಡಗಬೇಕು. ಕೆಸರಲ್ಲಿ ಮೂತಿ ತೂರಿಸಿ ಮೇಯುವ ಮೀನಾದ್ದರಿಂದ ಕಾಳು ತಳದಲ್ಲೇ ಮಲಗಿರಬೇಕು. ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಮೇಲೆ ಬಂದರೆ ಕೆಳಗೆ ಯಾರೋ ಮನೆ ಗುಡಿಸುತ್ತಿದ್ದಾರೆ ಎಂದೇ ಅರ್ಥ. ಹೇಳುತ್ತ ಹೇಳುತ್ತ ಅವನಿಗೆ ಕಟಿಂಗ್ ಅಂಗಡಿಯವನ ಮುಖ ಕಂಡಿತೋ ಏನೋ, ಮಾತು ಬಿಟ್ಟು ಕೈಯಲ್ಲೇ ತೋರಿಸತೊಡಗಿದ.

ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಟ್ಟ ಬೆಂಡು ಮೊದಲ ಸಲ ಅಲ್ಲಾಡಿದ್ದೇ ತಡ, ಕಂಡಕ್ಟರಮ್ಮ ಕೋಲನ್ನು ಎರಡೂ ಕೈಯಲ್ಲಿ ಎಳೆದಳು. ಖಾಲಿ ಕೊಕ್ಕೆ ಹಾರಿ ಬಂದು ಅವಳ ಸೆರಗಿಗೇ ಸಿಕ್ಕಿಕೊಂಡಿತು. ಎರಡನೇ ಸಲವೂ ಅಷ್ಟೆ. ಮೇಸ್ತ್ರಿ ಅವಳ ಮುಂಗೈ ಹಿಡಿದುಕೊಂಡ.

"ಇದು ಕಾಳನ್ನು ಬಾಯಿಗೆ ಹಾಕ್ಕೊಂಡು ರುಚಿ ನೋಡಿ ಉಗುಳುತ್ತೆ. ಮತ್ತೆ ಹಾಕ್ಕೊಳ್ಳುತ್ತೆ. ಬಸ್ಸು ಸ್ವಲ್ಪ ನಿಧಾನ ಆಯ್ತು ಅಂತ ಪ್ಯಾಸೆಂಜರನ್ನ ಕೆಳಗೆ ತಳ್ತಿದ್ಯಾ ನೀನು? ಇಲ್ಲ ತಾನೆ? ಬಸ್ಸು ಪೂರ್ತಿ ನಿಲ್ಬೇಕು. ಹಾಗೇ ಬೆಂಡು ಒಂದು ಕಡೆಗೆ ಸರ್‍ರನೆ ಹೋಗ್ಬೇಕು. ಆವಾಗ ಎತ್ತು."

ಆ ದಿನ ಅವಳಿಗೆ ಒಂದು ಗೇಣುದ್ದದ ಮರಿ ಸಿಕ್ಕಿತು. ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು, ಒಣಗೈ ತಾಗಿದರೆ ಅದರ ಮೈಯ ಲೋಳೆ ಕಿತ್ತು ಹೋಗಿ ಮೀನು ಕಾಯಿಲೆ ಬೀಳುತ್ತದೆ ಎಂದು ಅವನು ತೋರಿಸಿಕೊಟ್ಟ. ಅವಳು ಅದನ್ನು ನೀರಿಗೆ ಬಿಟ್ಟು, ಅದು ಹೋದ ದಿಕ್ಕನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದಳು.

ಅಲ್ಲಿಂದ ಮುಂದೆ ರಜೆಯ ದಿನ ಎರಡು ಕೋಲು ಹೊರಡತೊಡಗಿದವು. ಮಾತಾಡಬೇಕಾದ ಅಗತ್ಯವಿಲ್ಲದ ಜಾಗ ಅದೊಂದೇ, ಹಾಗಾಗಿ ಅಲ್ಲಿ ಅವರು ಬೇಕಾದಷ್ಟು ಮಾತಾಡಿದರು, ಕೈಯಲ್ಲಿ. ಅಂಗೈ ಮಗುಚಿದರೆ ಗಾಳ ಖಾಲಿ. ಮೊಣಕಾಲು ತಟ್ಟಿದರೆ ಸುಮ್ಮನಿರು, ಬಂತು. ಮೂಗು ಉಜ್ಜಿದರೆ ಕಟಿಂಗ್ ಅಂಗಡಿಯವನು ಬರುತ್ತಿದ್ದಾನೆ, ಇನ್ನು ಅರ್ಧ ಗಂಟೆ ಅವನ ಭಾವಮೈದುನನ ಕಥೆ. ಈ ಸನ್ನೆಗಳು ಮೆಲ್ಲಗೆ ಮನೆಗೂ ಬಂದವು. ಸಂಜೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂಗೈ ಮಗುಚಿದರೆ ಸಕ್ಕರೆ ಮುಗಿದಿದೆ ಎಂದು ತಿಳಿದು ಅವನು ಚೀಲ ಹಿಡಿದು ಹೊರಡುತ್ತಿದ್ದ. ಪಾತ್ರೆ ಕುಕ್ಕುವ ಸದ್ದು ನಿಂತಿತು. ಮಗಳು ಇದನ್ನೆಲ್ಲ ನೋಡಿ ಸಮಾಧಾನಪಟ್ಟರೂ ಕಿವಿಯ ವಿಷಯ ಬಿಡಲಿಲ್ಲ. "ಈಗಂತೂ ಬೇಕೇ ಇಲ್ಲ ಬಿಡು, ನಾವಿಬ್ರೂ ಕೈಯಲ್ಲೇ ಮಾತಾಡ್ತೀವಿ" ಎಂದ ಮೇಸ್ತ್ರಿ, ಗೆದ್ದವನ ಹಾಗೆ.

ಮಳೆಗಾಲ ಕಳೆದು ಬಿಸಿಲು ಹದವಾದ ಮೇಲೆ ಒಂದು ಬೆಳಿಗ್ಗೆ ಗಾಳಿ ಜೋರಾಗಿ ಬೀಸುತ್ತಿತ್ತು. ಅಲೆಗಳು ಭಟ್ಟಿಯ ಕಡೆಯ ದಡಕ್ಕೆ ಬಡಿಯುತ್ತಿದ್ದವು. ಗಾಳಿ ಹೊಡೆಯುವ ದಡಕ್ಕೇ ಹುಳಹುಪ್ಪಟೆ, ಬೀಜ, ಎಲ್ಲ ತೇಲಿ ಹೋಗಿ ಸೇರುತ್ತವೆ. ಊಟ ಇದ್ದಲ್ಲಿಗೆ ಮೀನೂ ಹೋಗುತ್ತದೆ ಎಂದು ಕಂಡಕ್ಟರಮ್ಮ ಆ ಹೊತ್ತಿಗೆ ತಾನೇ ಕಂಡುಕೊಂಡಿದ್ದಳು. ಆ ದಡಕ್ಕೆ ಹೋಗೋಣ ಎಂದು ಕೈ ತೋರಿಸಿದಳು. ಮೇಸ್ತ್ರಿ ತಲೆಯಾಡಿಸಿ, ಜೊಂಡಿನ ಪಕ್ಕದ ತನ್ನ ಕಲ್ಲಿನ ಮೇಲೆಯೇ ಕೂತ. ಆ ಕಲ್ಲು ಬಿಟ್ಟರೆ ಅವನಿಗೆ ಕೈಯೇ ಓಡುತ್ತಿರಲಿಲ್ಲ. ಅವಳು ಒಬ್ಬಳೇ ಹೋದಳು.

ಜೋಳದ ಬದಲು ಹಿಟ್ಟಿನುಂಡೆ ಕಟ್ಟಿದ್ದಳು, ಸ್ವಲ್ಪ ಸಕ್ಕರೆ ಬೆರೆಸಿ, ನೀರಲ್ಲಿ ಬೇಗ ಕರಗದಂತೆ ಗಟ್ಟಿಯಾಗಿ ನಾದಿ. ಗಾಳ ಬಿಟ್ಟು ಕೂತ ಸ್ವಲ್ಪ ಹೊತ್ತಿಗೇ ಬೆಂಡು ಎರಡು ಸಲ ತಲೆದೂಗಿತು. ಅವಳು ಉಸಿರು ಬಿಗಿಹಿಡಿದಳು. ಬೆಂಡು ಓರೆಯಾಗಿ, ಯಾರೋ ಕೈ ಹಿಡಿದು ಕರೆದೊಯ್ದಂತೆ, ನಡುನೀರಿನ ಕಡೆಗೆ ಸಾಗಿ ಮುಳುಗಿತು. ಅವಳು ಎತ್ತಿದಳು. ಕೋಲು ಬಿಲ್ಲಿನಂತೆ ಬಾಗಿತು. ರೀಲು ಕಿರ್‍ರೆಂದು ತಿರುಗಿತು.

ಇಷ್ಟು ಭಾರದ್ದು ಅವಳ ಕೈಗೆ ಎಂದೂ ಬಂದಿರಲಿಲ್ಲ. ಎಳೆಯಬಾರದು, ಓಡುವಷ್ಟು ಓಡಲಿ. ಕೋಲು ಮೇಲಿರಲಿ, ದಾರ ಸಡಿಲವಾಗದಿರಲಿ. ನಿಂತಾಗ ಸುತ್ತಿಕೋ, ಓಡುವಾಗ ಬಿಡು. ಅವಳು ಅದನ್ನೆಲ್ಲ ಮಾಡಿದಳು. ಮೀನು ಎಡಕ್ಕೆ ಹೊರಳಿದಾಗ ಅವಳೂ ದಡದುದ್ದಕ್ಕೆ ಎಡಕ್ಕೆ ಸರಿದಳು. ಕಾಲಿಟ್ಟ ಕಡೆ ಹಳೇ ಜೇಡಿಮಣ್ಣು. ಮೇಲೆ ಹುಲ್ಲು, ಒಳಗೆ ಬೆಣ್ಣೆ. ಕಾಲು ಜಾರಿತು. ತೊಡೆಯವರೆಗೆ ಕೆಸರಿಗೆ ಹೋದಳು, ಕಾಲು ಕೀಳಲು ಹೋಗಿ ಸೊಂಟದವರೆಗೆ ಇಳಿದಳು. ನೀರು ಎದೆಗೆ ಬಂತು.

ಕೂಗಿದಳು. ಅಷ್ಟು ವರ್ಷ ಇಡೀ ಬಸ್ಸನ್ನು ಎಬ್ಬಿಸಿದ ಜಾಗದಿಂದಲೇ, ಹೊಟ್ಟೆಯೊಳಗಿಂದ ಕೂಗಿದಳು. ಗಾಳಿ ಬಂತು, ಅಷ್ಟೆ. ಎದುರು ದಡದಲ್ಲಿ ಮೇಸ್ತ್ರಿ ಬೆನ್ನು ಬಗ್ಗಿಸಿ ತನ್ನ ಬೆಂಡನ್ನೇ ನೋಡುತ್ತ ಕೂತಿದ್ದ. ಅವಳು ಒಂದು ಕೈಯಲ್ಲಿ ಕೋಲು ಹಿಡಿದುಕೊಂಡೇ ಇನ್ನೊಂದು ಕೈಯಿಂದ ನೀರನ್ನು ಪಟಪಟ ಬಡಿದಳು. ಅವನು ತಿರುಗಲಿಲ್ಲ.

ಏರಿಯ ಮೇಲೆ ಆಗಷ್ಟೇ ಬರುತ್ತಿದ್ದ ಕಟಿಂಗ್ ಅಂಗಡಿಯವನು ನೋಡಿದ. "ಮೇಸ್ತ್ರೀ, ಅಕ್ಕ ನೀರಲ್ಲಿದ್ದಾರೆ" ಎಂದು ಕೂಗಿಕೊಂಡೇ ಇಳಿದ. ಮತ್ತೆ ಕೂಗಿದ. ಕೊನೆಗೆ ಒಂದು ಹೆಂಟೆ ಎತ್ತಿ ಮೇಸ್ತ್ರಿಯ ಬೆಂಡಿನ ಪಕ್ಕಕ್ಕೆ ಎಸೆದ. ಸಿಟ್ಟಿನಿಂದ ತಿರುಗಿದ ಮೇಸ್ತ್ರಿ ಅವನ ಕೈ ತೋರಿದ ಕಡೆ ನೋಡಿದ. ಕೋಲು ಬಿಸಾಡಿ, ಆ ವಯಸ್ಸಿನಲ್ಲಿ ಹೇಗೆ ಓಡಿದನೋ, ಕಟಿಂಗ್ ಅಂಗಡಿಯವನಿಗಿಂತ ಮೊದಲೇ ಮುಟ್ಟಿದ. ಹುಲ್ಲಿನ ಮೇಲೆ ಮಕಾಡೆ ಮಲಗಿ ಅವಳ ರಟ್ಟೆ ಹಿಡಿದ. ಇವನ ಕಾಲನ್ನು ಕಟಿಂಗ್ ಅಂಗಡಿಯವನು ಹಿಡಿದ. ಇಬ್ಬರೂ ಸೇರಿ ಎಳೆದರು.

"ಕೋಲು ಬಿಡೇ, ಮೊದಲು ಕೋಲು ಬಿಡು."

ಅವಳು ಬಿಡಲಿಲ್ಲ. ಕೆಸರು ಅವಳ ಕಾಲನ್ನು ಒಲ್ಲದ ಮನಸ್ಸಿನಿಂದ ಬಿಟ್ಟುಕೊಟ್ಟಿತು. ದಡಕ್ಕೆ ಬಂದು ಕೂತವಳು ಕೋಲಿನ ತುದಿ ನೋಡಿದಳು. ಅದು ಇನ್ನೂ ಅದುರುತ್ತಿತ್ತು. ಮೊಣಕಾಲು ತಟ್ಟಿದಳು. ಸುಮ್ಮನಿರಿ.

ಗಂಡಸರಿಬ್ಬರೂ ಬಾಯಿ ಮುಚ್ಚಿಕೊಂಡು ಕೂತರು. ಮೀನೂ ದಣಿದಿತ್ತು. ಅವಳು ಒಂದೊಂದೇ ಸುತ್ತು ಸುತ್ತಿಕೊಂಡು ಅದನ್ನು ದಡಕ್ಕೆ ತಂದಳು. ಕಟಿಂಗ್ ಅಂಗಡಿಯವನು ತಾನು ತಂದಿದ್ದ ಕೈಬಲೆಯನ್ನು ಮೊದಲೇ ನೀರಲ್ಲಿ ಮುಳುಗಿಸಿಟ್ಟು, ಮೀನು ತಲೆ ಮುಂದಾಗಿ ಒಳಗೆ ಬರುವವರೆಗೆ ಅಲ್ಲಾಡಲಿಲ್ಲ. ಮಾಗಿದ ಬಾಳೆಹಣ್ಣಿನ ಬಣ್ಣದ ದಪ್ಪ ಹುರುಪೆ, ಬಾಯಿಯ ಎರಡೂ ಬದಿ ಪುಟ್ಟ ಮೀಸೆ, ಮೊಟ್ಟೆ ತುಂಬಿ ಉಬ್ಬಿದ ಹೊಟ್ಟೆ. ಮೊಟ್ಟೆ ಇರುವುದನ್ನು ಆ ಕೆರೆಯಲ್ಲಿ ಯಾರೂ ಮನೆಗೆ ಒಯ್ಯುವುದಿಲ್ಲ. ಅವಳು ಕೊಕ್ಕೆ ಬಿಡಿಸಿ, ಹೊಟ್ಟೆಯ ಕೆಳಗೆ ಕೈಯಿಟ್ಟು ನೀರಿನಲ್ಲಿ ಹಿಡಿದುಕೊಂಡಳು. ಅದು ಉಸಿರು ಕೂಡಿಸಿಕೊಂಡು, ಬಾಲದಿಂದ ಮೂವರ ಮುಖಕ್ಕೂ ನೀರು ಎರಚಿ ಹೋಯಿತು.

ಆಮೇಲೆ ಮೇಸ್ತ್ರಿ ಅವಳತ್ತ ತಿರುಗಿದ. "ನೀನು ಕೂಗಿದ್ಯಾ?" ಎಂದ.

ಅವಳು ಹೌದೆಂದು ತಲೆಯಾಡಿಸಿದಳು. ಯಾರಿಗೂ ಕೇಳಿಸುವಂತಿರಲಿಲ್ಲ, ನಿಮ್ಮ ತಪ್ಪಲ್ಲ ಎಂದು ಕೈಯಲ್ಲಿ ಹೇಳಿದಳು.

"ಅವರದ್ದು ಬಿಡಿ ಮೇಸ್ತ್ರಿ," ಎಂದ ಕಟಿಂಗ್ ಅಂಗಡಿಯವನು, ಅವನ ಕಿವಿಗೆ ಬಾಯಿ ತಂದು. "ನಾನು ಕೂಗಿದ್ದೂ ನಿಮ್ಗೆ ಕೇಳ್ಲಿಲ್ಲ. ಭಟ್ಟಿ ಹತ್ರದ ನಾಯಿ ಎದ್ದು ಬೊಗಳ್ತು. ನಿಮ್ಗೆ ಅದೂ ಕೇಳ್ಲಿಲ್ಲ."

ಮೇಸ್ತ್ರಿ ತನ್ನ ಅಂಗಿ ಬಿಚ್ಚಿ ಅವಳಿಗೆ ಹೊದಿಸಿ, ದಾರಿಯುದ್ದಕ್ಕೂ ಅವಳ ಕೈ ಹಿಡಿದುಕೊಂಡೇ ಮನೆಗೆ ಬಂದ. ಓಣಿಯವರು ಬಾಗಿಲಿಗೆ ಬಂದು ನೋಡಿದರು. ಕೆಸರು ಮೆತ್ತಿದ ಹೆಂಡತಿ, ಬರೀ ಬನಿಯನ್ನಿನ ಗಂಡ, ಇಬ್ಬರೂ ಕೈ ಕೈ ಹಿಡಿದು.

ಮರುದಿನ ಅವನು ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ, ಮಗಳ ಅಂಗಡಿಗೆ ಹೋಗಿ, "ನಡಿ, ಕಿವಿ ತೋರಿಸ್ಕೋ ಅಂತಿದ್ಯಲ್ಲ, ಅಲ್ಲಿಗೆ" ಎಂದ. ಮಗಳು ಯಾಕೆ, ಏನು ಎಂದು ಕೇಳದೆ ಹೊರಟಳು. ಪರೀಕ್ಷೆಯಾಯಿತು, ಅಳತೆಯಾಯಿತು. ಕೆಲವು ವಾರಗಳ ನಂತರ ಎರಡೂ ಕಿವಿಯ ಹಿಂದೆ ಅವರೆಕಾಳಿನಷ್ಟು ದೊಡ್ಡ ಯಂತ್ರ ಕೂತಿತು. ಕಂಡಕ್ಟರಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಆ ಸಂಜೆ ಅವನು ಬಂದು ಊಟಕ್ಕೆ ಕೂತ. ಅವಳು ಅವನತ್ತ ಬೆನ್ನು ಮಾಡಿ ಎರಡನೇ ಸಲ ಬಡಿಸಲು ಪಾತ್ರೆ ಎತ್ತಿಕೊಳ್ಳುತ್ತ, ಅಭ್ಯಾಸಬಲದಿಂದ, ತನ್ನಷ್ಟಕ್ಕೇ ಎಂಬಂತೆ, "ಉಪ್ಪು ಸಾಕಾಯ್ತಾ ಏನೋ" ಎಂದಳು.

"ಸಾಕಾಯ್ತು," ಎಂದ ಮೇಸ್ತ್ರಿ.

ಅವಳು ಪಾತ್ರೆ ಹಿಡಿದುಕೊಂಡೇ ತಿರುಗಿದಳು. ಅವನು ತಟ್ಟೆ ನೋಡುತ್ತಿದ್ದ. ಅವಳು ಹತ್ತಿರ ಬಂದು ಅವನ ಕಿವಿಯ ಹಿಂದೆ ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಮಾತಾಡತೊಡಗಿದಳು. ಆಪರೇಷನ್ ಆದ ದಿನದಿಂದ ಗಂಟಲಲ್ಲಿ ಉಳಿದುಹೋಗಿದ್ದ ಮಾತುಗಳಷ್ಟೂ, ಮೆಷಿನ್ ಕೋಣೆಯ ಬೇಸರ, ಡ್ರೈವರು ಬಂದು ಕಿಟಕಿಯಲ್ಲಿ ನಿಂತು ಹೋಗಿದ್ದು, ಕೆಸರಿನಲ್ಲಿ ಇಳಿಯುವಾಗ ಏನು ಯೋಚನೆ ಬಂತು ಎಂಬುದು. ಅವನು ತಟ್ಟೆಯಲ್ಲಿ ಕೈ ಒಣಗುವವರೆಗೆ ಕೇಳಿದ.

ತಿಂಗಳು ಕಳೆಯುವಷ್ಟರಲ್ಲಿ ಅವನ ರಾಗ ಬದಲಾಯಿತು. "ಇವಳು ನಿದ್ದೇಲೂ ಪಿಸುಗುಟ್ತಾಳೆ ಕಣೋ, ಮೊದಲೇ ವಾಸಿ ಇತ್ತು" ಎಂದು ಕಟಿಂಗ್ ಅಂಗಡಿಯವನಲ್ಲಿ ದೂರಿದ, ಹದವಾದ ದನಿಯಲ್ಲಿ. ಅವನ ದನಿಯೂ ತಗ್ಗಿತ್ತು. ತಾನು ಎಷ್ಟು ಜೋರು ಎಂದು ಮೊದಲ ಬಾರಿ ಕೇಳಿಸಿಕೊಂಡು ಅವನೇ ಬೆಚ್ಚಿಬಿದ್ದಿದ್ದ.

ಆಸ್ಪತ್ರೆಯಲ್ಲಿ ಧ್ವನಿಗೆ ವ್ಯಾಯಾಮ ಕಲಿಸುವ ಹುಡುಗಿಯ ಹತ್ತಿರ ಕಂಡಕ್ಟರಮ್ಮ ಈಗಲೂ ಹೋಗುತ್ತಾಳೆ. ಸ್ವಲ್ಪ ದನಿ ಬಂದಿದೆ. ಹಳೆಯದಲ್ಲ, ಒಣಮರಕ್ಕೆ ಗರಗಸ ಆಡಿಸಿದಂಥ ಬೇರೆಯೇ ದನಿ. ಕೆರೆಗೆ ಹೊಸದಾಗಿ ಬಂದವರು ಅವಳ ಸುತ್ತ ತಲೆ ಕೂಡಿಸಿಕೊಂಡು ಕೂರುತ್ತಾರೆ. ಹಿಟ್ಟು ಎಷ್ಟು ನಾದಬೇಕು, ಗಾಳಿ ಯಾವ ಕಡೆ, ಯಾವ ದಡದ ಹುಲ್ಲನ್ನು ನಂಬಬಾರದು ಎಂದು ಅವಳು ಹೇಳುವುದನ್ನು ಕೇಳಲು ಬಗ್ಗಲೇಬೇಕು. ಡಿಪೋದವರು ಹೊಸ ಕಂಡಕ್ಟರುಗಳಿಗೆ ಗಂಟಲು ಕೆಡಿಸಿಕೊಳ್ಳದೆ ಕೂಗುವುದನ್ನು ಹೇಳಿಕೊಡು ಎಂದು ಕೇಳಿದ್ದಾರೆ. ಅವಳು ಒಪ್ಪಿಕೊಂಡಿದ್ದಾಳೆ. ಮೆಷಿನ್ ಕೋಣೆಯ ಬೀಗದ ಕೈಯನ್ನು ವಾಪಸು ಕೊಟ್ಟೂ ಆಗಿದೆ.

ಮುಂದಿನ ರಜೆಗೆ ಗುಡ್ಡದ ಆಚೆಯ ದೊಡ್ಡ ಕೆರೆಗೆ ಹೋಗುವುದೆಂದು ಈಗ ಮಾತು ನಡೆದಿದೆ. ಅಲ್ಲಿಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಇದುವರೆಗೆ ಕೂತಿಲ್ಲ. ಮೇಸ್ತ್ರಿ ಕಾರ್ಖಾನೆಯ ಚೂರುಪಾರು ಕಬ್ಬಿಣದಲ್ಲಿ, ಕೋಲುಗಳನ್ನು ಒರಗಿಸಿಡಲು ಕವಲು ಮಾಡುತ್ತಿದ್ದಾನೆ. ಕಟಿಂಗ್ ಅಂಗಡಿಯವನು ತಾನೂ ಬರುತ್ತೇನೆ ಎಂದ.

"ಬಾ," ಎಂದಳು ಕಂಡಕ್ಟರಮ್ಮ ತನ್ನ ಹೊಸ ದನಿಯಲ್ಲಿ. "ಭಾವಮೈದುನನ್ನ ಮಾತ್ರ ಮನೇಲಿ ಬಿಟ್ಟು ಬಾ."

ಮೇಸ್ತ್ರಿ ಇನ್ನೊಂದು ಕೋಣೆಯಿಂದಲೇ ನಕ್ಕ.